ಆಫರ್ ಲೆಟರ್ ಬಂತಾ? ಸಹಿ ಮಾಡೋಕೆ ಮುಂಚೆ ಇದನ್ನ ಕೇಳಿ

ಹೋದ ವಾರ ಚಿತ್ರದುರ್ಗದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಈ ವರ್ಷ ಬಿಇ ಮುಗಿಸಿದ ಹುಡುಗಿ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ ಸಿಕ್ಕಿದೆ, ವರ್ಷಕ್ಕೆ 6 ಲಕ್ಷ. ಮನೇಲಿ ಸಿಹಿ ಹಂಚಿಯೂ ಆಗಿದೆ. ಆದರೆ ಆಫರ್ ಲೆಟರ್ ಜೊತೆ ಇನ್ನೊಂದು ಕಾಗದ ಬಂದಿದೆ. ಎರಡು ವರ್ಷ ಕೆಲಸ ಬಿಡೋ ಹಾಗಿಲ್ಲ, ಬಿಟ್ರೆ ಒಂದೂವರೆ ಲಕ್ಷ ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಂಪನಿ ಹತ್ರಾನೇ ಇರುತ್ತೆ.

"ಕೇಳಿದ್ರೆ ಎಚ್‌ಆರ್ ಮೇಡಂ, ಇಲ್ಲಿ ನಾವೆಲ್ಲ ಒಂದು ಫ್ಯಾಮಿಲಿ ಥರ, ಇದೆಲ್ಲ ಬರೀ ಫಾರ್ಮಾಲಿಟಿ ಅಂದ್ರು. ಸೋಮವಾರದೊಳಗೆ ಸಹಿ ಮಾಡ್ಬೇಕು. ಏನ್ ಮಾಡ್ಲಿ ಅಣ್ಣ?"

ನನಗೆ ನನ್ನ ಮೊದಲ ಕೆಲಸ ನೆನಪಾಯ್ತು. ನಾನೂ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದೆ. ಬೀನ್ ಬ್ಯಾಗ್, ಫ್ರೀ ಕಾಫಿ, ಬಾಸ್‌ನ ಹೆಸರು ಹಿಡಿದು ಕರೆಯೋದು, ಎಲ್ಲ ನೋಡಿ ಇವರು ನಮ್ಮೋರೇ ಅನ್ನಿಸಿತ್ತು. ಏಳು ತಿಂಗಳಾದ ಮೇಲೆ ಬಿಡ್ತೀನಿ ಅಂದಾಗ ಆ ಕಾರ್ಡ್ ವಾಪಸ್ ಬರೋಕೆ ಮೂರು ತಿಂಗಳು ಹಿಡೀತು. ಅಷ್ಟರಲ್ಲಿ ಕೈಗೆ ಬಂದಿದ್ದ ಇನ್ನೊಂದು ಕೆಲಸ ಹೋಗಿತ್ತು.

ಮೊದಲು ಆ 6 ಲಕ್ಷದ ಲೆಕ್ಕ ನೋಡೋಣ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 50 ಸಾವಿರ ಅಂದ್ಕೋತೀವಿ. ಸಿಟಿಸಿ ಅಂದ್ರೆ ನಿಮ್ಮ ಸಂಬಳ ಅಲ್ಲ, ಕಂಪನಿಗೆ ನಿಮ್ಮಿಂದ ಆಗೋ ಒಟ್ಟು ಖರ್ಚು. ಒಂದು ಉದಾಹರಣೆ: ಅದರಲ್ಲಿ 60 ಸಾವಿರ ವೇರಿಯಬಲ್ ಪೇ, 50 ಸಾವಿರ ಜಾಯಿನಿಂಗ್ ಬೋನಸ್, ಕಂಪನಿ ಪಾಲಿನ ಪಿಎಫ್ 21,600, ಗ್ರಾಚ್ಯುಟಿ ಸುಮಾರು 11,500 ಅಂತ ಇಟ್ಕೊಳ್ಳಿ. ಉಳಿದಿದ್ದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋದ್ರೆ ತಿಂಗಳಿಗೆ ಕೈಗೆ ಬರೋದು ಸುಮಾರು 36 ಸಾವಿರ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಾಮಾನ್ಯವಾಗಿ 5 ವರ್ಷ ಆದ ಮೇಲೆ ತಾನೇ ಸಿಗೋದು? ಆದ್ರೂ ಸಿಟಿಸಿಯಲ್ಲಿ ಮೊದಲ ದಿನದಿಂದಲೇ ಕೂತಿರುತ್ತೆ! ಷೇರು ಕೊಡ್ತೀವಿ ಅಂತ ಇಸಾಪ್ ತೋರಿಸಿದ್ರೂ ಅಷ್ಟೇ, ಕನಿಷ್ಠ ಒಂದು ವರ್ಷ ಅದು ನಿಮ್ಮದಾಗಲ್ಲ. ಪಿಜಿ ಬಾಡಿಗೆಯನ್ನ ಇಸಾಪ್‌ನಲ್ಲಿ ಕಟ್ಟೋಕಾಗಲ್ಲ.

ಈಗ ಬಾಂಡ್ ವಿಷಯ. ಇದು ಪೂರ್ತಿ ಅಕ್ರಮ, ಹರಿದು ಬಿಸಾಕಿ ಅನ್ನೋ ರೀಲ್ಸ್ ತುಂಬಾ ಓಡಾಡ್ತವೆ. ಅಷ್ಟು ಸುಲಭ ಇಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷ, 2 ಲಕ್ಷ ರೂಪಾಯಿಯ ಷರತ್ತನ್ನ ಎತ್ತಿಹಿಡಿದಿದೆ. ಆದರೆ ಅದು ಸರ್ಕಾರಿ ಬ್ಯಾಂಕ್. ಒಬ್ಬ ಅಧಿಕಾರಿ ಮಧ್ಯೆ ಬಿಟ್ರೆ ಮತ್ತೆ ಜಾಹೀರಾತು, ಪರೀಕ್ಷೆ, ಇಡೀ ನೇಮಕಾತಿ ನಡೆಸಬೇಕು. ಆ ಖರ್ಚನ್ನ ಕೋರ್ಟ್ ಪರಿಗಣಿಸಿತು. ನಿಮ್ಮ ಕಂಪನಿ ಟ್ರೈನಿಂಗ್ ಅಂತ ಎರಡು ವಾರ ಯೂಟ್ಯೂಬ್ ಲಿಂಕ್ ಕಳಿಸಿ ಒಂದೂವರೆ ಲಕ್ಷ ಕೇಳಿದ್ರೆ? ಭಾರತೀಯ ಕರಾರು ಕಾಯ್ದೆ, 1872ರ 74ನೇ ಸೆಕ್ಷನ್ ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ಕಾಗದದಲ್ಲಿ ಬರೆದಿರೋ ಮೊತ್ತ ಅದರ ಗರಿಷ್ಠ ಮಿತಿ, ಅಷ್ಟನ್ನೂ ಕೊಡಲೇಬೇಕು ಅಂತಲ್ಲ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಸೇರಲೇಬಾರದು ಅನ್ನೋ ಷರತ್ತು 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲಲ್ಲ.

ಕಂಪನಿಯವರ ಕಡೆ ನ್ಯಾಯಾನೇ ಇಲ್ಲ ಅಂತಲ್ಲ. ಸಣ್ಣ ಕಂಪನಿ ನಡೆಸೋ ನನ್ನ ಗೆಳೆಯ ಹೇಳ್ತಾನೆ, "ಆರು ತಿಂಗಳು ಕಲಿಸ್ತೀವಿ, ಕಲಿತ ದಿನವೇ ಹಾರಿಹೋಗ್ತಾರೆ." ನಿಜ. ಆದರೆ ಕಲಿಸಿದ ಖರ್ಚನ್ನ ವಾಪಸ್ ಕೇಳೋದು ಬೇರೆ, ಇನ್ನೊಬ್ಬರ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿಟ್ಟು ಬೀಗ ಹಾಕೋದು ಬೇರೆ.

ಇನ್ನು ಕೆಲಸದ ಅವಧಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತೆ. ಅದಕ್ಕಿಂತ ಜಾಸ್ತಿ ಅಂದ್ರೆ ಓವರ್‌ಟೈಮ್. 2024ರಲ್ಲಿ ಐಟಿಯವರಿಗೆ ಇದನ್ನ 14 ಗಂಟೆವರೆಗೂ ಎಳೆಯೋ ಪ್ರಸ್ತಾವ ಬಂದಾಗ ನೌಕರರ ಸಂಘ ಕೆಐಟಿಯು ಬೀದಿಗಿಳಿದಿತ್ತು, ನೆನಪಿರಬಹುದು. ಸ್ಟಾರ್ಟಪ್‌ನಲ್ಲಿ ಯಾರೂ 14 ಗಂಟೆ ಅಂತ ಬರೆದು ಕೊಡಲ್ಲ. ರಾತ್ರಿ ಹತ್ತಕ್ಕೆ ಗ್ರೂಪ್‌ನಲ್ಲಿ "ಒಂದು ಸಣ್ಣ ಚೇಂಜ್" ಅಂತ ಮೆಸೇಜ್ ಬರುತ್ತೆ, ಅಷ್ಟೇ. ಫ್ಯಾಮಿಲಿ ಅಲ್ವಾ, ಮನೇಲಿ ಯಾರು ಓವರ್‌ಟೈಮ್ ಕೇಳ್ತಾರೆ?

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಫೋನ್ ಬೇಡ, ಮೇಲ್ ಹಾಕಮ್ಮ. ತಿಂಗಳಿಗೆ ಕೈಗೆ ಬರೋದೆಷ್ಟು, ಟ್ರೈನಿಂಗ್ ಏನು, ಅದರ ಖರ್ಚೆಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ, ಎಲ್ಲ ಕೇಳು. ಒರಿಜಿನಲ್ ತೋರಿಸಿ ಜೆರಾಕ್ಸ್ ಮಾತ್ರ ಕೊಡ್ತೀನಿ ಅಂತ ಮರ್ಯಾದೆಯಿಂದಲೇ ಬರಿ. ಕೆಲಸ ಹೋದ್ರೆ ಅಂತ ಭಯ ಇದ್ದೇ ಇರುತ್ತೆ, ಅಪ್ಪನ ಸಾಲದ ಕಂತೂ ತಲೇಲಿ ಓಡ್ತಿರುತ್ತೆ. ಸುಮ್ಮನೆ ಧೈರ್ಯವಾಗಿರು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ನಿನ್ನೆ ಸಂಜೆ ಮತ್ತೆ ವಾಯ್ಸ್ ಮೆಸೇಜ್ ಬಂತು. ಮಾರ್ಕ್ಸ್ ಕಾರ್ಡ್‌ಗೆ ಜೆರಾಕ್ಸ್ ಸಾಕು ಅಂತ ಒಪ್ಪಿದ್ದಾರಂತೆ. ಬಾಂಡ್ ಬಗ್ಗೆ, "ಫೌಂಡರ್ ಹತ್ರ ಕೇಳಿ ಹೇಳ್ತೀವಿ" ಅಂದಿದ್ದಾರೆ. ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ.