ಪೆಟ್ಟಿಗೆಯಲ್ಲಿ ಉಳಿದ ಗಡಿಯಾರದ ಚರಿತ್ರೆ

ಮದುವೆಯಲ್ಲಿ ಮದುಮಗನಿಗೆ ಎಚ್.ಎಂ.ಟಿ. ವಾಚು ಕಟ್ಟುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಬೆಳಗ್ಗೆ ಎದ್ದು ಅದಕ್ಕೆ ಕೀ ಕೊಡುವುದೇ ದಿನದ ಮೊದಲ ಕೆಲಸ. ಇಂದು ಆ ವಾಚುಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಆದರೆ ಅವುಗಳ ಚರಿತ್ರೆ ಕೇಳಿದರೆ ಅವರೂ ತಡವರಿಸುತ್ತಾರೆ.

ದೊಡ್ಡ ಸಂಗತಿಗಳೇನೋ ಎಲ್ಲರಿಗೂ ಗೊತ್ತು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಕಾರ್ಖಾನೆ ವಾಚು ತಯಾರಿಸತೊಡಗಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸಂಪುಟವು ವಾಚು ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ತೊಡಕಿರುವುದು ಸಣ್ಣ ಸಂಗತಿಗಳಲ್ಲಿ. 'ಜನತಾ', 'ಪೈಲಟ್' ವಾಚುಗಳು ಅದೇ ಹೆಸರಿನಲ್ಲಿ ದಶಕಗಳ ಕಾಲ ಬಂದವು. ಡಯಲು, ಮುಳ್ಳುಗಳು ಆಗಾಗ ಬದಲಾದವು. ಯಾವುದು ಯಾವ ವರ್ಷದ್ದೆಂಬುದು ಸಂಗ್ರಾಹಕರಲ್ಲಿ ಇನ್ನೂ ತೀರದ ವಾದ. ಸಾಲದ್ದಕ್ಕೆ, ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು ಅಪರೂಪದ್ದೆಂದು ಮಾರುವವರಿದ್ದಾರೆ. ಕಾರ್ಖಾನೆ ಎಂದೂ ಕಾಣದ ಬಣ್ಣಗಳು ಹೀಗೆ ಚರಿತ್ರೆಯೊಳಗೆ ನುಸುಳಿವೆ.

ಇದಕ್ಕೆ ಸಾಕ್ಷಿ ನಮ್ಮ ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರಬಹುದು. ತಾರೀಕು ಬರೆದ ಗ್ಯಾರಂಟಿ ಚೀಟಿ, ಅಂಗಡಿಯ ರಶೀದಿ, ವಾಚು ಕಾಣುವ ಮದುವೆಯ ಫೋಟೋ, ಇವು ಪುಸ್ತಕಗಳಲ್ಲಿ ಸಿಗದ ದಾಖಲೆಗಳು. ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ: ಅಪ್ಪನ ವಾಚನ್ನು ರಿಪೇರಿಗೆ ಕೊಡುವಾಗ ಡಯಲಿಗೆ ಬಣ್ಣ ಹಾಕಿಸಬೇಡಿ. ಚೀಟಿಯನ್ನು ವಾಚಿನ ಜೊತೆಗೇ ಇಡಿ. ಯಾರು, ಯಾವಾಗ, ಎಲ್ಲಿ ಕೊಂಡರೆಂದು ಹಿರಿಯರನ್ನು ಕೇಳಿ ಬರೆದಿಡಿ. ಮಸುಕಾದ ಡಯಲು ಚಂದ ಕಾಣದಿದ್ದರೂ ಸುಳ್ಳು ಹೇಳುವುದಿಲ್ಲ.