ಸ್ವರದ ಮೇಲೆ ಬರೆದ ಮಾತು

ಪಿಯಾನೋ ಸಂಗೀತದ ಅಚ್ಚಾದ ಹಾಳೆಯಲ್ಲಿ ಸ್ವರಗಳ ಜೊತೆಗೆ ಅಲ್ಲಲ್ಲಿ ಕೆಲವು ಮಾತುಗಳೂ ಇರುತ್ತವೆ. ಹೆಚ್ಚಿನವು ಇಟಲಿಯ ಭಾಷೆಯವು. ‘ದೋಲ್ಚೆ’ ಎಂದರೆ ಮಧುರವಾಗಿ. ‘ಕಾಂತಾಬಿಲೆ’ ಎಂದರೆ ಹಾಡಿದಂತೆ. ‘ಸೊಟ್ಟೊ ವೋಚೆ’ ಎಂದರೆ ತಗ್ಗಿದ ದನಿಯಲ್ಲಿ. ‘ಸ್ಮೊರ್ಟ್ಸಾಂಡೊ’ ಎಂದರೆ ದೀಪ ನಂದುವಂತೆ ಅಡಗುತ್ತ. ಅರ್ಥ ತಿಳಿಯಲು ನಿಘಂಟು ಸಾಕು. ನುಡಿಸಲು ಸಾಕೆ?

ಪಿಯಾನೋದಲ್ಲಿ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿದೊಡನೆಯೇ ನಾದವು ಕುಗ್ಗತೊಡಗುತ್ತದೆ. ವೀಣೆಯಲ್ಲಿರುವಂತೆ ತಂತಿಯನ್ನೆಳೆದು ಗಮಕವನ್ನು ತರುವಂತಿಲ್ಲ. ಹೀಗಿರುವಾಗ ‘ಹಾಡಿದಂತೆ’ ನುಡಿಸುವುದೆಂತು? ಹಾಡಿನ ಸ್ವರಕ್ಕೆ ತುಸು ಹೆಚ್ಚು ತೂಕ ಕೊಟ್ಟು, ಜೊತೆಯ ಸ್ವರಗಳನ್ನು ಮೆಲ್ಲಗಿರಿಸಿ, ಒಂದು ಸ್ವರಕ್ಕೆ ಮತ್ತೊಂದನ್ನು ಬಿರುಕಿಲ್ಲದೆ ಬೆಸೆದು, ಗಾಯಕನು ಉಸಿರೆಳೆಯುವಲ್ಲಿ ತಾನೂ ಕೊಂಚ ನಿಲ್ಲಬೇಕು. ಒಂದು ಮಾತಿನ ಹಿಂದೆ ಇಷ್ಟೆಲ್ಲ ಕೆಲಸವಿದೆ.

‘ರುಬಾಟೊ’ ಎಂದರೆ ಕದ್ದದ್ದು. ಕದಿಯುವುದು ಕಾಲವನ್ನು. ಎಡಗೈ ಲಯವನ್ನು ಕಾಯಲಿ, ಬಲಗೈ ಸ್ವತಂತ್ರವಾಗಿರಲಿ ಎಂದು ಶೋಪಾನ್ (೧೮೧೦–೧೮೪೯) ಕಲಿಸುತ್ತಿದ್ದನೆಂದು ಅವನ ಶಿಷ್ಯರು ಹೇಳಿದ್ದಾರೆ. ತಾಳದ ಕೈ ಕದಲದಿರುವಾಗ ಹಾಡು ಹಿಂದುಮುಂದಾಗುವುದನ್ನು ಬಲ್ಲ ನಮಗೆ ಇದು ತೀರ ಹೊಸದಲ್ಲ.

ಶೂಮನ್‌ನ ಜಿ ಮೈನರ್ ಸೊನಾಟದ ಆರಂಭದಲ್ಲಿ ‘ಸಾಧ್ಯವಾದಷ್ಟೂ ವೇಗವಾಗಿ’ ಎಂದು ಜರ್ಮನ್ ಭಾಷೆಯಲ್ಲಿ ಬರೆದಿದೆ. ಆ ಭಾಗ ಮುಗಿಯುವಲ್ಲಿ ‘ಹೆಚ್ಚು ವೇಗವಾಗಿ’, ಆಮೇಲೆ ‘ಇನ್ನೂ ವೇಗವಾಗಿ’ ಎಂದಿದೆ! ಗಡಿಯಾರ ಹಿಡಿದು ನೋಡಿದರೆ ಇದು ಅಸಂಗತ. ಆದರೆ ಮಾತು ಹೇಳುವುದು ಏರುತ್ತಿರುವ ಆತುರವನ್ನು. ಆ ಆತುರಕ್ಕೆ ಎಡೆ ಉಳಿಸಿಕೊಂಡು ಮೊದಲನ್ನು ನುಡಿಸುವುದೇ ವಿವೇಕ.

ಮಾತು ಸಾಲದಾದಲ್ಲಿ ಕರ್ತೃವೇ ನುಡಿಸಿ ತೋರಿಸಿದರೆ? ಅಂಥ ಅವಕಾಶವನ್ನು ಒದಗಿಸಿದವರು ನಮ್ಮ ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರು ಪಿಯಾನೋವನ್ನೂ ಕಲಿತು, ೧೯೪೫ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿದ್ದು ಅವರ ಧನಸಹಾಯದಿಂದ. ಮೆಟ್ನರ್ ೧೯೫೧ರಲ್ಲಿ ತೀರಿಕೊಂಡನು. ಆ ನೆರವು ತಡವಾಗಿದ್ದರೆ ಹಾಳೆಯ ಮೇಲಿನ ಮಾತುಗಳಷ್ಟೇ ಉಳಿಯುತ್ತಿದ್ದವು. ಕೃತಜ್ಞತೆಯಿಂದ ಅವನು ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು.

ಕೈವಾರದ ತಾತಯ್ಯನವರ ಪದಗಳನ್ನು ಭಜನೆಯಲ್ಲಿ ಕೇಳಿ ಕಲಿತವರಿಗೆ ಪುಸ್ತಕದ ಅಕ್ಷರವೇ ಹಾಡಲ್ಲವೆಂಬುದು ಗೊತ್ತು. ಗುರುಮುಖ ದೊರೆಯದೆಡೆ ಬರೆದಿಟ್ಟ ಮಾತು ದಾರಿ ತೋರಬಲ್ಲದು, ನಡೆಯಬೇಕಾದವನು ನುಡಿಸುವವನೇ.