ಮನೆಗೆ ಬರುವ ಗಾಜಿನ ತಂತಿ: ಕಾಯುವ ಊರಿನ ಕರ್ತವ್ಯ

ಅಳ್ನಾವರವು ಅಡವಿಯಂಚಿನ ಸೀಮೆಯು. ಇಲ್ಲಿಯ ಭತ್ತ, ಕಬ್ಬುಗಳ ಒಕ್ಕಲಿಗನಿಗೆ ಪಹಣಿಯೂ ಪೇಟೆಧಾರಣೆಯೂ ಮಳೆಯ ಮುನ್ಸೂಚನೆಯೂ ಈಗ ಅಂತರ್ಜಾಲದಲ್ಲಿಯೇ ದೊರೆಯುತ್ತಿರುವುದರಿಂದ, ವೇಗದ ಬ್ರಾಡ್‌ಬ್ಯಾಂಡ್ ಮನೆಗೆ ಎಂದು ಬರುವುದೆಂದು ಕೇಳುವುದು ಸಹಜವು.

ಕೇಂದ್ರ ಸರಕಾರವು 2011ರಲ್ಲಿ ಮಂಜೂರು ಮಾಡಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಮೊದಲ ಗುರಿಯು ಗ್ರಾಮ ಪಂಚಾಯತಿಯೇ ಹೊರತು ಮನೆಯಲ್ಲ. ತಂತಿಯು ಒಂದೇ ಸಾಲಿನಲ್ಲಿ ಹೋಗಿದ್ದಲ್ಲಿ, ನಡುವೆ ಗುದ್ದಲಿ ತಗುಲಿದರೆ ಮುಂದಿನ ಊರುಗಳೆಲ್ಲ ಸ್ತಬ್ಧವಾಗುವವು. ಆದುದರಿಂದ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಸಮ್ಮತಿ ದೊರೆಯಿತು. ಇದರಲ್ಲಿ ತಂತಿಯು ಬಳೆಯಂತೆ ಸುತ್ತಿ ಬರುವುದರಿಂದ ಒಂದೆಡೆ ಕಡಿದರೂ ಇನ್ನೊಂದೆಡೆಯಿಂದ ಸಂಪರ್ಕವು ನಡೆಯುವುದು. ಪಂಚಾಯತಿ ಕಚೇರಿಯಿಲ್ಲದ ಹಳ್ಳಿಗಳಿಗೂ ಬೇಡಿಕೆಯ ಮೇರೆಗೆ ಸಂಪರ್ಕ ಕೊಡತಕ್ಕದ್ದಾಗಿದೆ.

‘ಬೇಡಿಕೆಯ ಮೇರೆಗೆ’ ಎಂಬ ಮಾತನ್ನು ಊರಿನ ಹಿರಿಯರು ವಿಶೇಷವಾಗಿ ಲಕ್ಷಿಸಬೇಕು. ಒಬ್ಬೊಬ್ಬರೇ ಕಾಯುತ್ತ ಕೂಡ್ರುವುದಕ್ಕಿಂತ, ಹತ್ತು ಮನೆಯವರು ಕೂಡಿ ಗ್ರಾಮಸಭೆಯಲ್ಲಿ ಠರಾವು ಮಾಡಿ ಅರ್ಜಿ ಸಲ್ಲಿಸುವುದು ಮೇಲು. ಜಮೀನುದಾರರು ಕಾಲುವೆ ತೋಡುವ ಮುನ್ನ, ಕೊಳವೆ ಹುಗಿಯುವ ಮುನ್ನ, ನೆಲದಲ್ಲಿ ತಂತಿಯುಂಟೋ ಎಂದು ವಿಚಾರಿಸತಕ್ಕದ್ದು. ಇದಕ್ಕೆಂದೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಸರಕಾರಿ ಆಪ್ ಹೊರಟಿದೆ.

ನೀರು ಕೆರೆಗೆ ಬಂದ ಮಾತ್ರಕ್ಕೆ ಗದ್ದೆ ನೆನೆಯದು. ಕಾಲುವೆಯನ್ನು ತೆಗೆಯುವುದೂ ಕಾಯುವುದೂ ಒಕ್ಕಲಿಗನ ಪಾಲಿನ ಕೆಲಸವು. ತಂತಿಯ ವಿಷಯದಲ್ಲಿಯೂ ಇದೇ ನ್ಯಾಯವು.